‘ಬೈ’ ಅಂದ್ರೆ ಕೊಳ್ಳೋದಾ, ಭೋಗ್ಯವಾ?

ಹೋದ ಬೇಸಿಗೆ ರಜೆಗೆ ಮೈಸೂರಿಗೆ ಹೊರಟಾಗ ಮಗಳು ಕೇಳಿದಳು: “ಅಪ್ಪಾ, ನಾನು ಆಡಿ ಮುಗಿಸಿರೋ ಗೇಮ್‌ಗಳನ್ನ ಚಿಕ್ಕಪ್ಪನ ಮಗನಿಗೆ ಕೊಡ್ಲಾ?” ಡಿಸ್ಕ್‌ನಲ್ಲಿದ್ದ ಎರಡು ಗೇಮ್ ಸೂಟ್‌ಕೇಸ್ ಸೇರಿದವು. ಡೌನ್‌ಲೋಡ್ ಮಾಡಿದ್ದ ಹನ್ನೆರಡು ಇಲ್ಲೇ ಉಳಿದವು; ಅವು ಅವಳ ಖಾತೆಯ ಗೂಟಕ್ಕೆ ಕಟ್ಟಿದ ದನಗಳು. ದುಡ್ಡು ಕೊಟ್ಟವನು ನಾನು, ಇನ್ನೊಬ್ಬರಿಗೆ ಕೊಡೋ ಹಕ್ಕು ಮಾತ್ರ ನನಗಿಲ್ಲ.

ಡಿಜಿಟಲ್ ಅಂಗಡಿಗಳ ಮೇಲೆ ನನ್ನ ತಕರಾರು ಒಂದೇ ಪದದ್ದು: ‘ಬೈ’. ನಮ್ಮಲ್ಲಿ ‘ಕೊಂಡೆ’ ಅಂದ್ರೆ ಸ್ವಂತವಾಯ್ತು ಅಂತ. ಇವರು ಮಾರೋದು ಬರೀ ಪರವಾನಗಿ. ಬೆಂಗಳೂರಲ್ಲಿ ಮನೆಯನ್ನ ಭೋಗ್ಯಕ್ಕೆ ಹಾಕಿಕೊಳ್ತಾರೆ: ಓನರಿಗೆ ಒಂದೇ ಸಲ ದೊಡ್ಡ ಮೊತ್ತ ಕೊಡೋದು, ಬಾಡಿಗೆ ಇಲ್ಲದೆ ಇರೋದು, ಬಿಡುವಾಗ ಅಷ್ಟೂ ವಾಪಸ್ ಪಡೆಯೋದು. ಡಿಜಿಟಲ್ ಗೇಮ್ ಅದಕ್ಕಿಂತ ಕಡೆ. ಮನೆ ಖಾಲಿ ಮಾಡಿಸಿದರೂ ದುಡ್ಡು ಬರುತ್ತೆ ಅನ್ನೋ ಖಾತ್ರಿ ಇಲ್ಲ.

ಕ್ಯಾಲಿಫೋರ್ನಿಯಾದ ಎಬಿ 2426 ಕಾನೂನು 2025ರ ಜನವರಿ 1ರಿಂದ ಇದಕ್ಕೆ ಕೈ ಹಾಕಿದೆ: ‘ಬೈ’ ಅಂತ ಬರೆದರೆ, ಕೊಡ್ತಿರೋದು ಪರವಾನಗಿ ಅಂತಲೂ ಸ್ಪಷ್ಟವಾಗಿ ಹೇಳಬೇಕು. ಸ್ಟೀಮ್ 2024ರ ಅಕ್ಟೋಬರಿನಲ್ಲೇ ಆ ಸಾಲನ್ನು ಹಾಕಿತು. ಒಳ್ಳೆಯದೇ. ಆದರೆ ಬದಲಾದದ್ದು ಅಂಗಡಿಯ ಬೋರ್ಡು, ವ್ಯಾಪಾರವಲ್ಲ.

ಹಾಗಂತ ಡಿಸ್ಕ್ ಕಂಡ ಕೂಡಲೇ ಕೈಮುಗಿಯಬೇಕಾಗಿಲ್ಲ. ಯೂಬಿಸಾಫ್ಟ್‌ನ 2014ರ ‘ದ ಕ್ರೂ’ ಸರ್ವರ್ ಇಲ್ಲದೆ ನಡೆಯದ ಕಾರ್ ರೇಸ್. 2024ರ ಮಾರ್ಚ್ 31ಕ್ಕೆ ಸರ್ವರ್ ನಿಂತಿತು. ಡಿಸ್ಕ್ ಇಟ್ಟುಕೊಂಡವರ ಕೈಯಲ್ಲೂ ಉಳಿದದ್ದು ಹೊಳೆಯುವ ತಟ್ಟೆ ಮಾತ್ರ. ಸ್ವಿಚ್ 2ರ ‘ಗೇಮ್-ಕೀ ಕಾರ್ಡ್’ ಇನ್ನೊಂದು ಚಮತ್ಕಾರ. ಕಾರ್ಡ್‌ನೊಳಗೆ ಗೇಮ್ ಇಲ್ಲ, ಡೌನ್‌ಲೋಡಿನ ಕೀಲಿ ಮಾತ್ರ ಇದೆ. ಅದನ್ನ ಇನ್ನೊಬ್ಬರಿಗೆ ಕೊಡಬಹುದು, ನಿಜ. ಆದರೆ ಡೌನ್‌ಲೋಡ್ ನಿಂತ ದಿನ ಆ ಕೀಲಿಗೆ ಬಾಗಿಲೇ ಇರಲ್ಲ. ಹಾಗಾಗಿ ‘ಡಿಸ್ಕಾ, ಡೌನ್‌ಲೋಡಾ’ ಅನ್ನೋ ಪ್ರಶ್ನೆಯೇ ಅರ್ಧಂಬರ್ಧ. ಅಂಗಡಿ ಮುಚ್ಚಿದ ಮೇಲೂ ಗೇಮ್ ನಡೆಯುತ್ತಾ? ಕೇಳಬೇಕಾದ್ದು ಅದು.

ಡೌನ್‌ಲೋಡ್‌ನ ಸುಖ ನಾನೂ ಬಲ್ಲೆ. ಸೇಲ್ ಬಂದಾಗ ಅಗ್ಗ, ಮನೆ ಬದಲಿಸುವಾಗ ಪೆಟ್ಟಿಗೆ ಹೊರೋ ಕಷ್ಟ ಇಲ್ಲ. ಸ್ಟೀಮ್‌ನಲ್ಲಿ ಕೊಂಡು 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ರಿಫಂಡ್ ಕೇಳಬಹುದು. ಚಿಕ್ಕ ತಂಡಗಳ ಎಷ್ಟೋ ಒಳ್ಳೆ ಗೇಮ್‌ಗಳು ಡಿಸ್ಕ್‌ನಲ್ಲಿ ಬರೋದೇ ಇಲ್ಲ.

ಹಾಗಾಗಿ ನಮ್ಮ ಮನೆಯ ಲೆಕ್ಕ ಹೀಗಿದೆ. ಒಬ್ಬರೇ ಆಡುವ ಕಥೆಯ ಗೇಮ್ ಆದ್ರೆ, ಪೂರ್ತಿ ಡಿಸ್ಕ್‌ನಲ್ಲೇ ಇದೆಯಾ ಅಂತ ನೋಡಿ ಡಿಸ್ಕ್ ತಗೊಳ್ತೀವಿ. ಪಿಎಸ್4, ಪಿಎಸ್5 ಡಿಸ್ಕ್‌ಗಳಿಗೆ ದೇಶದ ಬೀಗ ಇಲ್ಲ. ಇಲ್ಲಿ ಕೊಂಡದ್ದು ಮೈಸೂರಲ್ಲೂ ನಡೆಯುತ್ತೆ. ಕಂಪ್ಯೂಟರಿಗಾದ್ರೆ ಮೊದಲು ಜಿಒಜಿ: ಇನ್‌ಸ್ಟಾಲರನ್ನ ಇಳಿಸಿ ನಮ್ಮದೇ ಹಾರ್ಡ್‌ಡಿಸ್ಕ್‌ನಲ್ಲಿ ಇಟ್ಕೋಬಹುದು. ಸದಾ ಆನ್‌ಲೈನ್ ಬೇಕಾದ ಗೇಮ್‌ಗೆ ಬಾಡಿಗೆ ಕೊಡುವಷ್ಟೇ ದುಡ್ಡು.

ಮೊನ್ನೆ ಮೈಸೂರಿಂದ ವಿಡಿಯೋ ಕಾಲ್ ಬಂತು. ಹುಡುಗ ನಾಲ್ಕನೇ ಲೆವೆಲ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದ. “ಅಕ್ಕಾ, ಈ ಬಾಗಿಲು ಹೇಗೆ ತೆಗಿಯೋದು?” ಮಗಳು ಅರ್ಧ ಇಂಗ್ಲಿಷ್, ಅರ್ಧ ಕನ್ನಡದಲ್ಲಿ ಮುಕ್ಕಾಲು ಗಂಟೆ ಹೇಳಿಕೊಟ್ಟಳು. ಉಳಿದ ಹನ್ನೆರಡು ಗೇಮ್‌ಗಳ ಬಗ್ಗೆ ಅವನು ಇನ್ನೂ ಕೇಳ್ತಾನೇ ಇದ್ದಾನೆ.