ಗೋಕಾಕದ ನೆರೆ ಕಾಣದ ಪರೀಕ್ಷೆ

ಮೊಬೈಲ್ ಜಾಲದ ಒಂದೊಂದು ಕೆಲಸಕ್ಕೂ ಒಂದೊಂದು ಪೆಟ್ಟಿಗೆ ಇಡುವುದನ್ನು ಬಿಟ್ಟು, ಎಲ್ಲವನ್ನೂ ಸಾಮಾನ್ಯ ಸರ್ವರ್‌ಗಳಲ್ಲಿ ಸಾಫ್ಟ್‌ವೇರ್ ಆಗಿ ನಡೆಸೋಣ ಎಂದು 2012ರ ಅಕ್ಟೋಬರ್‌ನಲ್ಲಿ 13 ದೂರಸಂಪರ್ಕ ಕಂಪನಿಗಳು ಸೇರಿ ಹೇಳಿದವು. ನೆಟ್‌ವರ್ಕ್ ಫಂಕ್ಷನ್ಸ್ ವರ್ಚುವಲೈಸೇಶನ್ ಶುರುವಾದದ್ದು ಹೀಗೆ. ಇಂಥ ಸಾಫ್ಟ್‌ವೇರನ್ನು ಪರೀಕ್ಷಿಸುವಾಗ ಚಂದಾದಾರರ ಡೇಟಾಬೇಸು, ಬಿಲ್ಲಿಂಗ್ ವ್ಯವಸ್ಥೆ ಹಲವು ಸಲ ಕೈಗೆ ಸಿಗುವುದಿಲ್ಲ. ಆಗ ಅವುಗಳಂತೆಯೇ ಉತ್ತರಿಸುವ ನಕಲನ್ನು ಸರ್ವಿಸ್ ವರ್ಚುವಲೈಸೇಶನ್ ಸಾಧನಗಳು ಕಟ್ಟಿಕೊಡುತ್ತವೆ. ಖರ್ಚು ಉಳಿಯುತ್ತದೆ, ಕೆಲಸ ನಿಲ್ಲುವುದಿಲ್ಲ. ಇಷ್ಟರ ಮಟ್ಟಿಗೆ ತಕರಾರಿಲ್ಲ.

ತಕರಾರಿರುವುದು ಇದರ ಬೆನ್ನಿಗೇ ಬರುವ ನಂಬಿಕೆಯ ಬಗ್ಗೆ: ನಕಲಿನೆದುರು ಪಾಸಾದದ್ದು ಊರಲ್ಲೂ ನಡೆದೀತು ಎಂಬುದು. ನಕಲಿಗೆ ಗೊತ್ತಿರುವುದು ಅದನ್ನು ಕಟ್ಟಿದವರಿಗೆ ಗೊತ್ತಿರುವಷ್ಟೇ. ಅದು ತಡಮಾಡದೆ, ತಪ್ಪದೆ, ಒಂದಾದ ಮೇಲೊಂದು ಉತ್ತರ ಕೊಡುತ್ತದೆ. ಜಾಲ ಕುಸಿಯುವುದೋ ಉತ್ತರ ತಡವಾದಾಗ, ಕೇಳಿದವರೆಲ್ಲ ಮತ್ತೆ ಮತ್ತೆ ಕೇಳತೊಡಗಿದಾಗ.

ಆ 13 ಕಂಪನಿಗಳಲ್ಲಿ ಒಂದಾದ ಜಪಾನಿನ ಕೆಡಿಡಿಐಗೆ 2022ರ ಜುಲೈನಲ್ಲಿ ಆದದ್ದೂ ಇದೇ. ರೂಟರ್ ನಿರ್ವಹಣೆಯ ವೇಳೆ ಒಂದು ತಪ್ಪು ಸೆಟ್ಟಿಂಗ್‌ನಿಂದ ಸಂಪರ್ಕ ಕಡಿಯಿತು. ಫೋನುಗಳೆಲ್ಲ ಮರುನೋಂದಣಿಗೆ ಮುಗಿಬಿದ್ದವು, ಚಂದಾದಾರರ ಡೇಟಾಬೇಸಿನ ಮಾಹಿತಿಯೇ ತಾಳೆ ತಪ್ಪಿತು. ಸುಮಾರು 61 ಗಂಟೆ ಸೇವೆ ಏರುಪೇರಾಗಿ, 2 ಕೋಟಿಗೂ ಹೆಚ್ಚು ಜನರ ಕರೆಗಳಿಗೆ ತೊಂದರೆಯಾಯಿತು.

ನಮ್ಮ ಕಡೆ ಇಂಥ ನೂಕುನುಗ್ಗಲಿಗೆ ರೂಟರೇ ಕೆಡಬೇಕಿಲ್ಲ. 2019ರ ಆಗಸ್ಟ್‌ನಲ್ಲಿ ಘಟಪ್ರಭಾ, ಮಾರ್ಕಂಡೇಯ ನದಿಗಳು ಉಕ್ಕಿ ಬೆಳಗಾವಿ ಜಿಲ್ಲೆಯ ಗೋಕಾಕಕ್ಕೆ ನುಗ್ಗಿದ್ದವು. ನೆರೆಯಲ್ಲಿ ಮೊದಲು ಹೋಗುವುದು ಕರೆಂಟು. ಬ್ಯಾಟರಿ, ಡೀಸೆಲ್ ಮುಗಿದ ಮೇಲೆ ಟವರ್. ಹುಕ್ಕೇರಿಯಲ್ಲಿ ಕರೆಂಟು ಹಂಚುವುದು 1969ರಿಂದ ಇರುವ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ; ಗೋಕಾಕ, ಮೂಡಲಗಿಯಲ್ಲಿ ಹೆಸ್ಕಾಂ. ಕರೆಂಟು ಎಲ್ಲ ಕಡೆ ಒಂದೇ ಗಳಿಗೆಗೆ ಮರಳುವುದಿಲ್ಲ. ಇಲ್ಲೊಂದು ಹಿಂಡು ಟವರ್, ಅಲ್ಲೊಂದು ಹಿಂಡು ಟವರ್ ಎದ್ದಂತೆಲ್ಲ ಸಾವಿರಾರು ಫೋನುಗಳು ಒಟ್ಟಿಗೇ ಕೋರ್ ಜಾಲದ ಬಾಗಿಲು ಬಡಿಯುತ್ತವೆ. ಶಾಂತ ದಿನದ ಸಂದೇಶಗಳನ್ನು ದಾಖಲಿಸಿ ಕಟ್ಟಿದ ನಕಲಿಗೆ ಈ ಗದ್ದಲದ ಸುಳಿವೇ ಇರುವುದಿಲ್ಲ.

ಹಾಗೆಂದು ನಕಲನ್ನು ಬಿಸಾಡಬೇಕಿಲ್ಲ. ನಿಜವಾದ ಜಾಲವನ್ನು ಬೇಕೆಂದೇ ಕೆಡಿಸಿ ನೋಡಲಾಗದು, ನಕಲನ್ನು ಕೆಡಿಸಬಹುದು. ಉತ್ತರ ತಡಮಾಡಲಿ, ಅರ್ಧದಲ್ಲಿ ನಿಲ್ಲಲಿ, ಹಳೆಯ ಮಾಹಿತಿ ಕೊಡಲಿ, ಫೈಬರ್ ತುಂಡಾದಂತೆ ಮೌನವಾಗಲಿ. ಈ ಸಾಧನಗಳ ನಿಜವಾದ ಬೆಲೆ ಇರುವುದೇ ಅಲ್ಲಿ. ಅದನ್ನು ಬಿಟ್ಟು ಪಾಸಾದ ಪರೀಕ್ಷೆಗಳ ಲೆಕ್ಕ ತೋರಿಸುವುದು ಆತ್ಮವಂಚನೆ.

ಇದೇ ಜಿಲ್ಲೆಯ ಕಿತ್ತೂರಿನಲ್ಲಿ 1986ರಲ್ಲಿ ಸರ್ಕಾರಿ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ತನ್ನ ಮೊದಲ ಗ್ರಾಮೀಣ ಟೆಲಿಫೋನ್ ಎಕ್ಸ್‌ಚೇಂಜ್ ಇಟ್ಟಿತು. ಹಳ್ಳಿಯ ಧೂಳು, ಸೆಕೆಯನ್ನು ಏಸಿ ಇಲ್ಲದೆ ತಾಳಬೇಕೆಂಬುದು ಅದರ ವಿನ್ಯಾಸದಲ್ಲೇ ಸೇರಿತ್ತು. ಇಂದಿನ ಸಾಫ್ಟ್‌ವೇರ್ ಜಾಲಕ್ಕೂ ಅದೇ ಷರತ್ತು ಇರಲಿ: ಗೋಕಾಕದ ನೆರೆ, ಹುಕ್ಕೇರಿಯ ಕತ್ತಲು, ಮೂಡಲಗಿಯಲ್ಲಿ ಕಡಿದ ಕೇಬಲ್ ಪರೀಕ್ಷೆಯ ಪಟ್ಟಿಗೆ ಸೇರುವ ತನಕ ಯಾವ ಜಾಲಕ್ಕೂ ‘ಸಿದ್ಧ’ ಎಂಬ ಮುದ್ರೆ ಒತ್ತಬಾರದು.