ಹೊಟ್ಟೆಪಾಡಿನ ಕಾದಂಬರಿ: ಅನಕೃ ಅವರನ್ನು ಓದುವ ಕಷ್ಟ

ಕಳೆದ ವರ್ಷ ಒಂದು ವಿಚಾರ ಸಂಕಿರಣದಲ್ಲಿ ಅ.ನ.ಕೃಷ್ಣರಾಯರ ಬಗ್ಗೆ ಪ್ರಬಂಧ ಮಂಡಿಸಿ ಕೂತಾಗ ಹಿರಿಯರೊಬ್ಬರು ಒಂದೇ ಮಾತಿನಲ್ಲಿ ಚರ್ಚೆ ಮುಗಿಸಿದರು: 'ಪಾಪ, ಅವರು ಹೊಟ್ಟೆಪಾಡಿಗೆ ಬರೆದವರು.' ಸಭೆ ನಕ್ಕಿತು. ನಾನೂ ನಕ್ಕೆ. ನನ್ನ ಸಂಶೋಧನಾ ವೇತನ ಬಂದು ಆಗ ಐದು ತಿಂಗಳಾಗಿತ್ತು. ಹಿಂದಿನ ರಾತ್ರಿ ಎರಡು ಗಂಟೆಯವರೆಗೆ ಕೂತು ಸ್ಪರ್ಧಾತ್ಮಕ ಪರೀಕ್ಷೆಯ ಗೈಡಿಗೆ ಪುಟದ ಲೆಕ್ಕದಲ್ಲಿ ಬರೆದುಕೊಟ್ಟಿದ್ದೆ. ಹಾಗಾಗಿ ಆ ನಗು ಗಂಟಲಲ್ಲೇ ಉಳಿಯಿತು.

'ಹೊಟ್ಟೆಪಾಡಿಗೆ ಬರೆದವರು' ಎಂಬುದು ವಿಮರ್ಶೆಯ ಮಾತೇ? ಅಥವಾ ವಿಮರ್ಶೆ ಮಾಡುವ ಶ್ರಮ ತಪ್ಪಿಸಿಕೊಳ್ಳುವ ಮಾತೇ?

ಅನಕೃ (1908–1971) ನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಜೊತೆಗೆ ಕತೆ, ನಾಟಕ, ಪ್ರಬಂಧ, ಪತ್ರಿಕಾ ಬರಹ, ಸಂಪಾದನೆ. ಪ್ರಗತಿಶೀಲ ಚಳವಳಿಯ ಮುಂದಾಳು ಅವರು. 1960ರಲ್ಲಿ ಮಣಿಪಾಲದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಓದುಗರು 'ಕಾದಂಬರಿ ಸಾರ್ವಭೌಮ' ಎಂದು ಕರೆದರು. ಇದು ಏರು. 'ನಗ್ನಸತ್ಯ', 'ಸಂಜೆಗತ್ತಲು', 'ಶನಿಸಂತಾನ' ಕಾದಂಬರಿಗಳಲ್ಲಿ ವೇಶ್ಯೆಯರ ಬದುಕನ್ನು ಬರೆದಾಗ ಅಶ್ಲೀಲವೆಂಬ ಕೂಗೆದ್ದಿತು. 'ಸಾಹಿತ್ಯ ಮತ್ತು ಕಾಮಪ್ರಚೋದನೆ' ಎಂಬ ಪುಸ್ತಕವನ್ನೇ ಬರೆದು ಅವರು ಉತ್ತರ ಕೊಡಬೇಕಾಯಿತು. ನವ್ಯ ವಿಮರ್ಶೆ ಬಂದ ಮೇಲಂತೂ ಅವರ ಹೆಸರು ಚರ್ಚೆಯಿಂದಲೇ ಹಿಂದೆ ಸರಿಯಿತು. ಇದು ಇಳಿತ. ಓದುಗರ ಕಪಾಟಿನಲ್ಲಿ ಉಳಿದವರು ಪಠ್ಯಕ್ರಮದಲ್ಲಿ ಒಂದು ಪ್ಯಾರಾ ಆದರು.

ಅವರ ಆತ್ಮಕಥನದ ಹೆಸರು 'ಬರಹಗಾರನ ಬದುಕು'. ಆ ಮೊದಲ ಪದವನ್ನು ಗಮನಿಸಿ. ಅದು ಕವಿ ಅಲ್ಲ, ಸಾಹಿತಿಯೂ ಅಲ್ಲ, ಬರಹಗಾರ. ಕೆಲಸಗಾರ, ಹಾಡುಗಾರ ಎನ್ನುವಾಗ ಬರುವ ಅದೇ 'ಗಾರ'. ಬರಹವನ್ನು ಕಸುಬಾಗಿ ಹಿಡಿದವನೊಬ್ಬ ತನ್ನನ್ನು ತಾನು ಕರೆದುಕೊಂಡ ಬಗೆ ಅದು. ಅದರಲ್ಲಿ ನಾಚಿಕೆ ನನಗಂತೂ ಕಾಣುವುದಿಲ್ಲ.

ಈಗ ಎದುರು ಬದಿ ನೋಡೋಣ. ಕುವೆಂಪು ಎರಡೇ ಕಾದಂಬರಿ ಬರೆದರು. 'ಕಾನೂರು ಹೆಗ್ಗಡಿತಿ' 1936ರದ್ದು, 'ಮಲೆಗಳಲ್ಲಿ ಮದುಮಗಳು' 1967ರದ್ದು. ನಡುವೆ ಮೂವತ್ತು ವರ್ಷಗಳ ಅಂತರ. ಅನಂತಮೂರ್ತಿಯವರ 'ಸಂಸ್ಕಾರ' 1965ರಲ್ಲಿ ಬಂದರೆ 'ಭಾರತೀಪುರ' 1973ರಲ್ಲಿ. ಇವು ದೊಡ್ಡ ಕೃತಿಗಳು ಎಂಬುದರಲ್ಲಿ ನನಗೆ ತಕರಾರಿಲ್ಲ. ಆದರೆ ಕುವೆಂಪು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾಗಿ, ಕೊನೆಗೆ ಕುಲಪತಿಯಾಗಿ ನಿವೃತ್ತರಾದವರು. ಅನಂತಮೂರ್ತಿ, ಶಾಂತಿನಾಥ ದೇಸಾಯಿ ಇಂಗ್ಲಿಷ್ ಮೇಷ್ಟ್ರುಗಳು. ಕೀರ್ತಿನಾಥ ಕುರ್ತಕೋಟಿಯವರಂಥ ವಿಮರ್ಶಕರೂ ಅಷ್ಟೆ. ತಿಂಗಳ ಒಂದನೇ ತಾರೀಖು ಸಂಬಳ ಬರುವ ಮನೆಯಲ್ಲಿ ಕಾದಂಬರಿ ಕಾಯಬಲ್ಲದು. ಬರೆದರಷ್ಟೇ ಅಕ್ಕಿ ಬರುವ ಮನೆಯಲ್ಲಿ ಅದು ಕಾಯಲಾರದು.

'ಕಡಿಮೆ ಬರೆ, ಗಟ್ಟಿಯಾಗಿ ಬರೆ' ಎಂಬ ನಮ್ಮ ಮಾನದಂಡ ಯಾವ ಮೇಜಿನ ಮೇಲೆ ಹುಟ್ಟಿತು ಎಂಬುದನ್ನು ನಾವು ಕೇಳಿಕೊಂಡೇ ಇಲ್ಲ. ಅದು ಬಹುಪಾಲು ಸಂಬಳದ ಮೇಜು. ಮಾನದಂಡ ಸುಳ್ಳೆಂದು ನಾನು ಹೇಳುತ್ತಿಲ್ಲ. ಅದಕ್ಕೆ ಒಂದು ವಿಳಾಸವಿದೆ ಎಂದಷ್ಟೇ ಹೇಳುತ್ತಿದ್ದೇನೆ.

ಸಂಬಳವಿಲ್ಲದ ದಾರಿಯಲ್ಲಿ ನಡೆದವರು ಬೇರೆಯವರೂ ಇದ್ದರು. ಗಳಗನಾಥರು (1869–1942) ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಶಿವರಾಮ ಕಾರಂತರು ಪುತ್ತೂರಿನಲ್ಲಿ ಸ್ವಂತ ಮುದ್ರಣಾಲಯ ನಡೆಸಿದರು, ಪಠ್ಯಪುಸ್ತಕ ಬರೆದರು, ಮಕ್ಕಳಿಗೆ 'ಬಾಲಪ್ರಪಂಚ' ಕಟ್ಟಿದರು. ಕಾರಂತರ ನಲವತ್ತಕ್ಕೂ ಹೆಚ್ಚು ಕಾದಂಬರಿಗಳಲ್ಲೂ ಏರುಪೇರು ಇದೆ. ಆದರೆ ಅವರನ್ನು ನಾವು 'ಮರಳಿ ಮಣ್ಣಿಗೆ'ಯಿಂದ, 'ಮೂಕಜ್ಜಿಯ ಕನಸುಗಳು'ವಿನಿಂದ ಅಳೆಯುತ್ತೇವೆ. ಅನಕೃ ಅವರನ್ನು ಮಾತ್ರ ಅವರ ಸೋತ ಪುಸ್ತಕಗಳಿಂದ ಅಳೆಯುತ್ತೇವೆ. ಈ ಎರಡು ತಕ್ಕಡಿ ಯಾಕೆ?

ಹಾಗೆಂದು ನಾನು ಅವರ ವಕೀಲನಾಗಲು ಬಂದಿಲ್ಲ. ಪ್ರಬಂಧಕ್ಕಾಗಿ ಸಾಲಾಗಿ ಓದುತ್ತ ಹೋದರೆ ದಣಿವಾಗುತ್ತದೆ. ಪಾತ್ರಗಳು ಮಾತಾಡುತ್ತ ಆಡುತ್ತ ಭಾಷಣಕ್ಕೆ ಜಾರುತ್ತವೆ. ಕೊನೆಯ ಅಧ್ಯಾಯಗಳಲ್ಲಿ ಅವಸರ ಕಾಣುತ್ತದೆ. ಬಡತನದ ನೆಪದಲ್ಲಿ ಇದನ್ನೆಲ್ಲ ಮಾಫಿ ಮಾಡಿದರೆ ಅದು ಕರುಣೆಯಾದೀತು, ವಿಮರ್ಶೆಯಾಗದು.

ನನ್ನ ನಿಜವಾದ ತಕರಾರು ಬೇರೆ. 'ಸಂಧ್ಯಾರಾಗ'ದ ನಾಯಕ ಸಂಗೀತಗಾರ, 'ಉದಯರಾಗ'ದವನು ಚಿತ್ರಕಾರ, 'ನಟಸಾರ್ವಭೌಮ'ದವನು ನಟ. ಕಲೆ ಮತ್ತು ಹೊಟ್ಟೆಯ ಜಗಳವನ್ನು ಅನಕೃ ಅವರಷ್ಟು ಹಿಡಿದು ಬರೆದವರು ಕನ್ನಡದಲ್ಲಿ ಕಡಿಮೆ. ಆದರೆ ನನ್ನ ಓದಿನಲ್ಲಿ, ಅಲ್ಲಿ ಕಲೆ ತಪಸ್ಸಾಗುತ್ತದೆ, ಬಡತನ ಆ ತಪಸ್ಸಿನ ಪರೀಕ್ಷೆಯಾಗುತ್ತದೆ. ಹಸ್ತಪ್ರತಿ ಹಿಡಿದು ಪ್ರಕಾಶಕರ ಬಾಗಿಲಲ್ಲಿ ನಿಲ್ಲುವ, ಹಕ್ಕನ್ನು ಒಂದೇ ಗಂಟಿಗೆ ಮಾರುವುದೋ ಗೌರವಧನಕ್ಕೆ ಕಾಯುವುದೋ ಎಂದು ಲೆಕ್ಕ ಹಾಕುವ ಬರಹಗಾರನ ದಿನ ಆ ಕಲಾವಿದರ ಕತೆಗಳಲ್ಲಿ ಮಸುಕಾಗುತ್ತದೆ. ಕಸುಬನ್ನು ಅಷ್ಟು ಚೆನ್ನಾಗಿ ಬಲ್ಲವರು, ಕಾದಂಬರಿಯಲ್ಲಿ ಅದಕ್ಕೆ ತಪಸ್ಸಿನ ಕಾವಿ ಹೊದಿಸಿಬಿಟ್ಟರು. ಸಮಾಜ ಮುಚ್ಚಿಟ್ಟ ವೇಶ್ಯೆಯ ಸಂಪಾದನೆಯ ಬಗ್ಗೆ ಧೈರ್ಯವಾಗಿ ಬರೆದ ಲೇಖಕ ತನ್ನ ಸಂಪಾದನೆಯ ಬಗ್ಗೆ ಕಾದಂಬರಿಯೊಳಗೆ ಯಾಕೆ ಸಂಕೋಚಪಟ್ಟರು? ಬಹುಶಃ 'ಹೊಟ್ಟೆಪಾಡಿನವನು' ಎಂಬ ಆ ಮಾತು ಅವರನ್ನೂ ಚುಚ್ಚಿತ್ತು. ಇದು ನನ್ನ ಊಹೆ.

ಈ ನಗೆಯ ನಷ್ಟ ಕೇವಲ ಅನಕೃ ಅವರದಲ್ಲ. ಇಂದು ಧಾರಾವಾಹಿಗೆ ಸಂಭಾಷಣೆ ಬರೆದು, ಅನುವಾದ ಮಾಡಿ, ಕರಡು ತಿದ್ದಿ, ನಡುವೆ ಸಿಕ್ಕ ಬೆಳಗಿನ ಜಾವದಲ್ಲಿ ಕಾದಂಬರಿ ಬರೆಯುವ ಗೆಳೆಯರು ನನಗಿದ್ದಾರೆ. ಅವರೂ ಆ ನಗೆಯನ್ನು ಕೇಳಿಸಿಕೊಳ್ಳುತ್ತಾರೆ. ಸಂಬಳವಿದ್ದವರಷ್ಟೇ ಬರೆಯಬೇಕು ಎಂದಾದರೆ ಯಾವ ಮನೆಗಳ ಕತೆ ಕನ್ನಡಕ್ಕೆ ಬರುತ್ತದೆ, ಯಾವುದು ಬರುವುದಿಲ್ಲ ಎಂದು ಬಿಡಿಸಿ ಹೇಳಬೇಕಿಲ್ಲ.

ವಿದ್ಯಾರ್ಥಿ ಮಿತ್ರರಿಗೆ ಒಂದು ಸಲಹೆ. ನೂರನ್ನೂ ಓದಬೇಡಿ. 'ಸಂಧ್ಯಾರಾಗ' ಓದಿ, 'ನಗ್ನಸತ್ಯ' ಓದಿ, ಆಮೇಲೆ 'ಬರಹಗಾರನ ಬದುಕು' ಓದಿ. ಮೂರನ್ನೂ ಒಟ್ಟಿಗಿಟ್ಟು ಜಗಳವಾಡಿ. ಸೋತದ್ದನ್ನು ಸೋತಿದೆ ಎನ್ನಿ, ಯಾಕೆ ಸೋತಿತೆಂದೂ ಕೇಳಿ.

ಅಂದು ಸಭೆಯಲ್ಲಿ ನಾನು ಆ ಹಿರಿಯರಿಗೆ ಏನನ್ನೂ ಹೇಳಲಿಲ್ಲ. ಮರುದಿನ ಗೈಡಿನ ಉಳಿದ ಪುಟಗಳನ್ನು ಬರೆದುಕೊಟ್ಟೆ. ಆ ದುಡ್ಡಿನಲ್ಲಿ ಅವೆನ್ಯೂ ರಸ್ತೆಯ ಹಳೆ ಪುಸ್ತಕದಂಗಡಿಯಿಂದ ಅನಕೃ ಅವರ ನಾಲ್ಕು ಕಾದಂಬರಿ ತಂದೆ. ಎರಡು ಸಾಧಾರಣವಾಗಿದ್ದವು. ಒಂದನ್ನು ಅರ್ಧಕ್ಕೆ ಬಿಟ್ಟೆ. ನಾಲ್ಕನೆಯದನ್ನು ಓದುತ್ತ ಬೆಳಗಾಯಿತು.