ಸಫಾರಿಯ ಎರಡು ಗ್ರಂಥಗಳು

‘ಸಫಾರಿ’ ಎಂಬುದು ಅರಬ್ಬಿಯಿಂದ ಸ್ವಾಹಿಲಿಗೆ ಬಂದ ಮಾತು. ಪ್ರಯಾಣವೆಂದಷ್ಟೇ ಅದರ ಅರ್ಥ. ಪೂರ್ವ ಆಫ್ರಿಕದ ಹುಲ್ಲುಬಯಲಿಗೆ ಹೋದ ಬಿಳಿಯರ ಲೇಖನಿಯಲ್ಲಿ ಅದು ಮೊದಲು ಬೇಟೆಯಾಯಿತು, ಅನಂತರ ಮೃಗದರ್ಶನವಾಯಿತು. ಈ ಪರಿವರ್ತನೆಯಲ್ಲಿ ನೋಡುವವನ ದೃಷ್ಟಿಯೂ ಬದಲಾಯಿತೇ? ಎರಡು ಗ್ರಂಥಗಳನ್ನು ಜೊತೆಯಾಗಿ ಓದಿದರೆ ಉತ್ತರ ದೊರೆಯುತ್ತದೆ.

ಮೊದಲನೆಯದು ಹೆಮಿಂಗ್ವೆಯವರ ‘ಗ್ರೀನ್ ಹಿಲ್ಸ್ ಆಫ್ ಆಫ್ರಿಕ’ (೧೯೩೫). ೧೯೩೩-೩೪ರಲ್ಲಿ ಟಾಂಗನ್ಯೀಕದಲ್ಲಿ ತಾವು ನಡೆಸಿದ ಬೇಟೆಯನ್ನು ಅವರು ಇದರಲ್ಲಿ ನಿರೂಪಿಸಿದ್ದಾರೆ. ಕಲ್ಪನೆಯನ್ನು ಬೆರೆಸದ ನಿಜವೃತ್ತಾಂತವು ಕಾದಂಬರಿಗೆ ಸಾಟಿಯಾಗಬಲ್ಲುದೇ ಎಂದು ಪರೀಕ್ಷಿಸುವುದು ಅವರ ಉದ್ದೇಶ. ‘ಕುಡು’ ಎಂಬ ಸುರುಳಿಗೊಂಬಿನ ಹುಲ್ಲೆಗಾಗಿ ದಿನಗಟ್ಟಲೆ ಅಲೆದು, ಕೊನೆಗೆ ಗೆದ್ದು ಬಂದಾಗ, ಸಂಗಡಿಗನಿಗೆ ತಮ್ಮದಕ್ಕಿಂತ ದೊಡ್ಡ ಕೊಂಬು ದೊರೆತಿರುತ್ತದೆ. ಆಗ ಉಂಟಾದ ಅಸೂಯೆಯನ್ನು ಅವರು ಮರೆಮಾಚುವುದಿಲ್ಲ. ರಾಘವಾಂಕನ ಹರಿಶ್ಚಂದ್ರಕಾವ್ಯದಲ್ಲಿ ಬೇಟೆಯು ಅರಸನನ್ನು ವಿಪತ್ತಿನ ಬಾಗಿಲಿಗೆ ಒಯ್ಯುತ್ತದೆ. ಇಲ್ಲಿ ಅದು ಬೇಟೆಗಾರನಿಗೆ ಅವನ ಸಣ್ಣತನವನ್ನು ತೋರುತ್ತದೆ. ಗ್ರಂಥದ ಹಿರಿಮೆಯಿರುವುದು ಈ ಪ್ರಾಮಾಣಿಕತೆಯಲ್ಲಿ. ಕೋವಿ ಹೊರುವ ಎಂಕೋಲನ ಚಿತ್ರವೂ ಜೀವಂತವಾಗಿದೆ. ಆದರೆ ಅವನ ಭಾಷೆ ಲೇಖಕರಿಗೆ ಅಲ್ಪಸ್ವಲ್ಪವೇ ಬರುವುದರಿಂದ, ಅವನ ನಗೆಯನ್ನು ಕಂಡಷ್ಟು ಅವನ ಮನಸ್ಸನ್ನು ನಾವು ಕಾಣೆವು.

ಎರಡನೆಯದು ಬರ್ನ್‌ಹಾರ್ಡ್ ಗ್ರ್ಜಿಮೆಕ್ ಮತ್ತು ಅವರ ಮಗ ಮಿಖಾಯೆಲ್ ಬರೆದ, ‘ಸೆರೆಂಗೆಟಿ ಸಾಯಬಾರದು’ ಎಂಬ ಅರ್ಥದ ಹೆಸರುಳ್ಳ ಜರ್ಮನ್ ಗ್ರಂಥ (೧೯೫೯). ಇಲ್ಲಿ ಕೋವಿಯ ಮಾತಿಲ್ಲ. ತಂದೆಮಕ್ಕಳು ಜೀಬ್ರಾದಂತೆ ಪಟ್ಟೆ ಬಳಿದ ಪುಟ್ಟ ವಿಮಾನದಲ್ಲಿ ಹಾರಿ, ಮೃಗಗಳ ಹಿಂಡುಗಳನ್ನು ಎಣಿಸಿ, ಅವು ಹುಲ್ಲನ್ನರಸಿ ವಲಸೆಹೋಗುವ ದಾರಿಗಳನ್ನು ಗುರುತಿಸಿದರು. ೧೯೫೯ರ ಜನವರಿಯಲ್ಲಿ ಆ ವಿಮಾನಕ್ಕೆ ರಣಹದ್ದೊಂದು ಬಡಿದು ಮಗನು ಮಡಿದನು. ಗ್ರಂಥದ ಕರುಣೆ ಕೃತಕವಲ್ಲ. ವನ್ಯಮೃಗಗಳ ಪರವಾಗಿ ಅದು ಎಬ್ಬಿಸಿದ ದನಿಗೆ ಲೋಕವು ಋಣಿಯಾಗಿದೆ.

ಆದರೂ ಒಂದು ಮಾತನ್ನು ಹೇಳಲೇಬೇಕು. ಆಕಾಶದಿಂದ ನೋಡುವ ಕಣ್ಣಿಗೆ ಹಿಂಡು ಕಾಣುತ್ತದೆ, ಮನುಷ್ಯನ ಮುಖ ಕಾಣುವುದಿಲ್ಲ. ರಾಷ್ಟ್ರೀಯ ವನದೊಳಗೆ ಯಾರೂ, ಆ ನೆಲದವರು ಕೂಡ, ವಾಸಿಸಬಾರದೆಂಬುದು ಗ್ರಂಥದ ವಾದ. ಅದೇ ೧೯೫೯ರಲ್ಲಿ ದನಗಾಹಿಗಳಾದ ಮಸಾಯಿ ಜನರು ಸೆರೆಂಗೆಟಿಯನ್ನು ಬಿಟ್ಟು ಎಂಗೊರೊಂಗೊರೊ ಕಡೆಗೆ ಸರಿಯಬೇಕಾಯಿತು. ‘ಸೆರೆಂಗೆಟಿ’ ಎಂಬುದಾದರೋ ಅವರ ನುಡಿಯಿಂದಲೇ ಬಂದ ಹೆಸರು. ಕೊನೆಯಿಲ್ಲದ ಬಯಲೆಂದು ಅದರ ಅರ್ಥ. ಹೆಸರು ಉಳಿಯಿತು, ಹೆಸರಿಟ್ಟವರು ಹೊರಗಾದರು. ಹೆಮಿಂಗ್ವೆಯವರಲ್ಲಿ ಅರ್ಧ ಮಾತ್ರ ಕಂಡ ಮನುಷ್ಯನು ಇಲ್ಲಿ ಅಡ್ಡಿಯಾಗಿಬಿಟ್ಟಿದ್ದಾನೆ. ಕೋವಿಯನ್ನು ಕೆಳಗಿಟ್ಟ ಮಾತ್ರಕ್ಕೆ ದೃಷ್ಟಿ ವಿಶಾಲವಾಗುವುದಿಲ್ಲ.

ಆದುದರಿಂದ ವಾಚಕರು ಈ ಎರಡರ ಪಕ್ಕದಲ್ಲಿ ಮೂರನೆಯದೊಂದನ್ನು ಇಟ್ಟುಕೊಳ್ಳಬೇಕು. ಅದು ಮಸಾಯಿ ಲೇಖಕ ಟೆಪಿಲಿಟ್ ಓಲೆ ಸೈಟೋಟಿಯವರ ಆತ್ಮಕಥೆ (೧೯೮೬). ನೋಡಲು ಬಂದವರ ಮಾತನ್ನು ಕೇಳಿದ ಮೇಲೆ, ಅಲ್ಲಿಯೇ ಬಾಳಿದವರ ಮಾತನ್ನು ಕೇಳುವುದು ಸಾಹಿತ್ಯಪ್ರಿಯರಿಗೆ ಧರ್ಮವಾಗಿದೆ.